ನೀಲಿ ಮೂಟೆಯ ಭವಿಷ್ಯ

ಮಾವನ ಅಂಗಿಯ ಕಾಲರಿಗೆ ತನ್ನದೇ ಒಂದು ಹಟವಿತ್ತು. ಮಾವ ಕತ್ತು ತಿರುಗಿಸಿದರೂ ಅದು ತಿರುಗುತ್ತಿರಲಿಲ್ಲ, ಅಷ್ಟು ಗಂಜಿ. ಯಾರಾದರೂ ಪಕ್ಕದಿಂದ ಕರೆದರೆ ಅವರು ಬಾಗಿಲು ತಿರುಗಿದ ಹಾಗೆ ಇಡೀ ಮೈಯನ್ನೇ ಆ ಕಡೆಗೆ ತಿರುಗಿಸಬೇಕಾಗುತ್ತಿತ್ತು. ಬೀದಿಯವರು ಅವರಿಗೆ ಗಂಜಿ ಮಾವ ಎಂದು ಹೆಸರಿಟ್ಟು ಎಷ್ಟೋ ಕಾಲವಾಗಿತ್ತು. ಲಾಂಡ್ರಿಯ ಬೋರ್ಡಿನ ಮೇಲೆ ಬೇರೆ ಏನೋ ಬರೆದಿತ್ತು, ಆದರೆ ಅದನ್ನು ಓದಿಕೊಂಡು ಬಂದ ಗಿರಾಕಿ ಒಬ್ಬರೂ ಇರಲಿಲ್ಲ. ದಾರಿ ಕೇಳುವವರೆಲ್ಲ ಗಂಜಿ ಮಾವನ ಅಂಗಡಿ ಎಲ್ಲಿ ಎಂದೇ ಕೇಳುತ್ತಿದ್ದರು.

ಅವರ ಮದುವೆ ಆದದ್ದೂ ಗಂಜಿಯಿಂದಲೇ ಎಂದು ಅತ್ತೆ ಹೇಳುತ್ತಿದ್ದರು. ಆಗ ಎದುರಿನ ಔಷಧಿ ಅಂಗಡಿ ಅತ್ತೆಯ ತಂದೆಯದು. ಅವರ ಬಿಳಿ ಕೋಟುಗಳನ್ನು ಒಗೆಯಲು ತಂದುಕೊಡುವುದು ಮಗಳ ಕೆಲಸ. ಮೊದಲ ಸಲ ಕೋಟು ಹಲಗೆಯಂತೆ ಸೆಟೆದುಕೊಂಡು ವಾಪಸು ಬಂತು. "ನಮ್ಮಪ್ಪ ಇದನ್ನ ಹಾಕ್ಕೊಂಡು ಕೂತ್ಕೊಳ್ಳೋದು ಹೇಗೆ?" ಎಂದು ಮಗಳು ಬೀದಿ ದಾಟಿ ಬಂದು ಜಗಳ ಆಡಿದಳು. ಮುಂದಿನ ಸಲ ಕೋಟು ಇನ್ನಷ್ಟು ಸೆಟೆದಿತ್ತು. ಮತ್ತೆ ಜಗಳ.

"ನಾನು ಜಗಳಕ್ಕೆ ಬರಲಿ ಅಂತಲೇ ಗಂಜಿ ಸುರೀತಿದ್ರು ಅಂತ ನನಗೆ ಗೊತ್ತಾಗೋ ಹೊತ್ತಿಗೆ ನನಗೂ ಜಗಳ ರೂಢಿಯಾಗಿಬಿಟ್ಟಿತ್ತು ಕಣೇ," ಎಂದು ಅತ್ತೆ ಸೊಸೆಗೆ ಹೇಳುವಾಗ ಮಾವ ಇಸ್ತ್ರಿ ಮೇಜಿನ ಆಚೆ, ಏನೂ ಕೇಳಿಸದವರ ಹಾಗೆ ಬುಸ್ಸೆಂದು ಹಬೆ ಬಿಡುತ್ತಿದ್ದರು.

ಸೊಸೆ ದೊಡ್ಡ ಊರಿನಲ್ಲಿ ಓದಿ ಬಂದವಳು. ಚಿಂತೆ ಮಾಡುವುದೆಂದರೆ ಅವಳಿಗೆ ಉಸಿರಾಡಿದಷ್ಟೇ ಸಲೀಸು. ಮಗುವಾದ ಮೇಲಂತೂ ಚಿಂತೆಗೆ ಪೂರ್ತಿ ಸಮಯದ ಉದ್ಯೋಗ ಸಿಕ್ಕಿತ್ತು. ಕೆಳಗೆ ಲಾಂಡ್ರಿ, ಮೇಲೆ ಮನೆ. ಮೆಟ್ಟಿಲ ಬುಡದಲ್ಲಿ ಮರದ ಸಣ್ಣ ಕಟಕಟೆ ಕಟ್ಟಿಸಿ, ಅದರೊಳಗೆ ಪುಟ್ಟಿಯನ್ನು ಕೂರಿಸಿ ಅವಳು ಬಟ್ಟೆ ಬೇರ್ಪಡಿಸುತ್ತಿದ್ದಳು. ನೆಲದಲ್ಲಿ ಬಿದ್ದ ಗುಂಡಿಯನ್ನು ಪುಟ್ಟಿ ನುಂಗಿದರೆ? ಸೋಪಿನ ಪುಡಿ ಮೂಗಿಗೆ ಹೋದರೆ? ಯಾರದೋ ಕರವಸ್ತ್ರದ ನೆಗಡಿ ಮಗುವಿಗೆ ಹತ್ತಿದರೆ? ಬಂದ ಪ್ರತಿ ಗಂಟನ್ನೂ ಅವಳು ಮೂಸಿ ನೋಡಿ, ರೋಗದ ವಾಸನೆ ಇದೆ ಎನಿಸಿದ್ದನ್ನು ಬಾಗಿಲ ಹೊರಗೇ ಇಡುತ್ತಿದ್ದಳು. ರೋಗಕ್ಕೆ ಯಾವ ವಾಸನೆ ಎಂದು ಎದುರಿನ ಅಂಗಡಿಯ ಔಷಧಿ ಮಾಮ ಒಮ್ಮೆ ಕೇಳಿದ್ದರು. "ಬಂದರೆ ಗೊತ್ತಾಗುತ್ತೆ," ಎಂದಿದ್ದಳು.

ಆದರೆ ಎಲ್ಲ ಚಿಂತೆಗಳಿಗೂ ಹಿರಿಯಣ್ಣನಾಗಿ ಮೂಲೆಯಲ್ಲಿ ಕೂತದ್ದು ಗಡಗಡಿ. ಅದು ಒಗೆಯುವ ದೊಡ್ಡ ಡ್ರಮ್ಮು. ಒಳಗಿನ ಬೇರಿಂಗು ಸವೆದು, ಹಿಂಡುವ ಹೊತ್ತಿಗೆ ಅದಕ್ಕೆ ಮೈಮೇಲೆ ಬರುತ್ತಿತ್ತು. ಗಡಗಡ ನಡುಗುತ್ತಾ, ಅಡಿಪಾಯದಿಂದ ಎದ್ದು, ಗೇಣು ಗೇಣಾಗಿ ಮೆಟ್ಟಿಲ ಕಡೆಗೆ ನಡೆಯುತ್ತಿತ್ತು. ಮಾವ ಅದರ ಮುಂದೆ ಚಪ್ಪಡಿ ಕಲ್ಲು ಇಟ್ಟಿದ್ದರು; ಅದು ಕಲ್ಲನ್ನೂ ತಳ್ಳಿಕೊಂಡು ಬರುತ್ತಿತ್ತು. ಸಂಜೆ ಮಾವ ಸೊಂಟ ಕೊಟ್ಟು ಅದನ್ನು ಮೂಲೆಗೆ ನೂಕುವಾಗ, "ಬಾ ಮಹಾರಾಯಾ, ವಾಕಿಂಗ್ ಮುಗೀತಲ್ಲ," ಅನ್ನುತ್ತಿದ್ದರು. ಸೊಸೆಗೆ ನಗು ಬರುತ್ತಿರಲಿಲ್ಲ. ಗಡಗಡಿಯ ದಾರಿಯ ಕೊನೆಯಲ್ಲಿದ್ದದ್ದು ಪುಟ್ಟಿಯ ಕಟಕಟೆ.

ಹೊಸ ಡ್ರಮ್ಮಿಗೆಂದು ಮಾವ ಹಣ ಎತ್ತಿಟ್ಟಾಗಿತ್ತು. ನೆಲಕ್ಕೆ ಬೋಲ್ಟು ಹಾಕಿ ಕೂರಿಸುವಂಥದ್ದು. ಅಂಗಡಿಯವನಿಗೆ ಒಂದು ಫೋನ್ ಮಾಡಿದರೆ ಸಾಕು, ಗಾಡಿಯಲ್ಲಿ ಬರುತ್ತದೆ ಎಂದು ಮಾವ ಹೇಳಿದ್ದನ್ನು ಸೊಸೆ ಎದೆಯಲ್ಲಿ ಗಂಟು ಹಾಕಿಕೊಂಡಿದ್ದಳು. ಆ ಫೋನಿಗೆ ಅಡ್ಡ ಬಂದದ್ದು ಚಿಪ್ ಕಂಪನಿ.

ಊರ ಅಂಚಿನಲ್ಲಿ ಕಿಟಕಿಯೇ ಇಲ್ಲದ ಬೂದು ಬಣ್ಣದ ಕಟ್ಟಡ. ಅದರೊಳಗೆ ಕಂಪ್ಯೂಟರಿನ ಚಿಪ್ ತಯಾರಾಗುತ್ತದೆ. ಒಂದು ಧೂಳಿನ ಕಣ ಬಿದ್ದರೂ ಮಾಲು ಕೆಡುತ್ತದಂತೆ. ಅದಕ್ಕೆ ಒಳಗೆ ಹೋಗುವವರು ಸ್ವಂತ ಬಟ್ಟೆ ಕಳಚಿ, ಎಳೆ ಬಿಡದ ನೀಲಿ ಅಂಗಿ-ಪೈಜಾಮ ತೊಟ್ಟು, ಅದರ ಮೇಲೆ ತಲೆಯಿಂದ ಕಾಲಿನವರೆಗೆ ಬಿಳಿ ಮುಸುಕು ಹಾಕಿಕೊಳ್ಳಬೇಕು. ಬಿಳಿಯದನ್ನು ಒಗೆಯುವುದು ಬೇರೆ ದೊಡ್ಡ ಕಾರ್ಖಾನೆ. ಒಳಗಿನ ನೀಲಿ ಜೊತೆಗಳು ಮಾತ್ರ ಗಂಜಿ ಮಾವನ ಪಾಲಿಗೆ ಬಂದಿದ್ದವು.

ಕೆಲಸ ಸಿಕ್ಕ ದಿನ ಕಂಪನಿಯವರು ನಿಯಮಗಳನ್ನು ಹೇಳಿದರು. ಜೇಬಿರಬಾರದು, ಗುಂಡಿಯಿರಬಾರದು, ಬೇರೆ ಬಟ್ಟೆಯ ಜೊತೆ ಸೇರಿಸಬಾರದು. ಎಲ್ಲದಕ್ಕೂ ಮಾವ ತಲೆ ಆಡಿಸಿದರು, ಎಂದರೆ ಇಡೀ ಮೈ ಆಡಿಸಿದರು. "ಗಂಜಿ ಹಾಕಲೇಬಾರದು, ಪುಡಿ ಉದುರುತ್ತೆ," ಎಂದಾಗ ಮಾತ್ರ ಅವರ ಮುಖ ನಡುಬೀದಿಯಲ್ಲಿ ಅಂಗಿ ಬಿಚ್ಚು ಎಂದವರನ್ನು ನೋಡಿದ ಹಾಗಾಯಿತಂತೆ. ಆದರೂ ಒಪ್ಪಿದರು. ಹಿಂದಿನ ಉಗ್ರಾಣಕ್ಕೆ ಗಾಜಿನ ಬಾಗಿಲು ಬಂತು, ಗಾಳಿ ಸೋಸುವ ಪೆಟ್ಟಿಗೆ ಬಂತು, ಬಟ್ಟೆ ಒಣಗಿಸುವ ಪುಟ್ಟ ಯಂತ್ರ ಬಂತು. ಅದಕ್ಕೆ ಗಾಜಿನ ಕೋಣೆ ಎಂದು ಹೆಸರಾಯಿತು. ಟೊಪ್ಪಿ, ಮುಖಗವಸು ಇಲ್ಲದೆ ಅಲ್ಲಿ ಕಾಲಿಡುವಂತಿಲ್ಲ. ನೀಲಿಯೊಂದನ್ನು ಬಿಟ್ಟು ಇನ್ನಾವ ಬಟ್ಟೆಯೂ ಆ ಹೊಸ್ತಿಲು ದಾಟುವಂತಿಲ್ಲ. ಬೀದಿಯ ಬೆಕ್ಕು ಆ ಕಡೆ ನೋಡಿದರೂ ಮಾವ ಗದರುತ್ತಿದ್ದರು. "ಒಂದು ಎಳೆ! ಒಂದೇ ಒಂದು ಎಳೆ ಸಾಕು, ಲೋಕದ ಕಂಪ್ಯೂಟರೆಲ್ಲ ಕೆಟ್ಟು ಕೂರ್ತವೆ!"

ಒಣಗಿದ ನೀಲಿ ಜೊತೆಗಳನ್ನು ಮಡಿಸುವುದು ಅತ್ತೆ. ಅವರ ಮಡಿಕೆಯನ್ನು ಎಲ್ಲಿ ಕಂಡರೂ ಗುರುತು ಹಿಡಿಯಬಹುದಿತ್ತು: ತೋಳೆರಡನ್ನೂ ಎದೆಯ ಮೇಲೆ ಅಡ್ಡಡ್ಡ ತಂದು ಸಿಕ್ಕಿಸಿದರೆ, ಅಂಗಿ ಮುನಿಸಿಕೊಂಡು ಕೈಕಟ್ಟಿ ಕೂತ ಹಾಗೆ ಕಾಣುತ್ತಿತ್ತು.

ಈ ಕೆಲಸ ಬಂದ ಮೇಲೆ ಮಾವನಿಗೆ ಕಂಪನಿಯ ಮೇಲೆ ನೆಂಟಸ್ತನ ಬೆಳೆಯಿತು. ಬೆಳಿಗ್ಗೆ ಚಹಾದ ಹೊತ್ತಿಗೆ ಎದುರಿನಿಂದ ಔಷಧಿ ಮಾಮ ಬರುತ್ತಿದ್ದರು. ಅತ್ತೆಯ ತಮ್ಮ, ತಂದೆಯ ನಂತರ ಔಷಧಿ ಅಂಗಡಿ ಅವರದೇ. ಅಂಗಡಿಯ ಷಟರು ಅರ್ಧ ಎತ್ತಿ, ಅದು ಅರ್ಧದಲ್ಲೇ ಇರುವಾಗ ಇಲ್ಲಿಗೆ ಬಂದು ಸ್ಟೂಲಿನ ಮೇಲೆ ಕೂತರೆಂದರೆ ಕಲಾಪ ಶುರು. ಅವರು ಇದೇ ಕಂಪನಿಯ ಷೇರುಗಳನ್ನು ಆಕಾಶದಷ್ಟು ಬೆಲೆಗೆ ಕೊಂಡಿದ್ದರು. ಕೊಂಡ ಮಾರನೆಯ ದಿನದಿಂದ ಅದು ನೆಲ ನೋಡುತ್ತಿತ್ತು.

"ಏನ್ ಡಾಕ್ಟ್ರೇ, ಹೇಗಿದಾನೆ ನಿಮ್ಮ ರೋಗಿ ಇವತ್ತು?"

"ಜ್ವರ ಇಳಿದಿದೆ ಭಾವ. ಮೈಯೆಲ್ಲ ತಣ್ಣಗಾಗಿದೆ. ಇನ್ನು ಎತ್ತೋದೊಂದೇ ಬಾಕಿ."

"ಥೂ, ಬೆಳಬೆಳಿಗ್ಗೆ! ಹೊಸ ಯಂತ್ರ ತರಿಸಿದಾರಂತಲ್ಲ, ಬೆಳಕಿನಲ್ಲೇ ಗೆರೆ ಕೊರೆಯೋದು?"

"ಯಂತ್ರ ತರಿಸಿದ್ರೆ ಆಯ್ತಾ? ಊಟದ ತಟ್ಟೆಯಷ್ಟು ಅಗಲದ ಬಿಲ್ಲೆ ತಗೋತಾರೆ ಭಾವ, ಅದರ ಮೇಲೆ ನೂರಾರು ಚಿಪ್ ಕೊರೀತಾರೆ. ಕೊನೆಗೆ ಅದರಲ್ಲಿ ಎಷ್ಟು ಬದುಕಿ ಬರ್ತವೆ ಅನ್ನೋದೇ ಲೆಕ್ಕ. ಇವರದು ಅರ್ಧಕ್ಕರ್ಧ ಕಸದ ಬುಟ್ಟಿಗೆ. ಸಮುದ್ರದ ಆಚೆ ಇದಾನಲ್ಲ ಇವರ ಎದುರಾಳಿ, ಅವನ ಬಿಲ್ಲೇಲಿ ಸಾಯೋದೇ ಅಪರೂಪ. ಗಿರಾಕಿ ಯಾರ ಹತ್ರ ಹೋಗ್ತಾನೆ, ನೀವೇ ಹೇಳಿ."

"ಕೈ ಕುದುರೋಕೆ ಟೈಮ್ ಬೇಕಪ್ಪ. ಮೊದಲನೇ ಸಲ ರೇಷ್ಮೆಗೆ ಇಸ್ತ್ರಿ ಹಾಕಿದಾಗ ಸುಟ್ಟೆ. ಎರಡನೇ ಸಲಾನೂ ಸುಟ್ಟೆ. ಈಗ ಸುಡ್ತೀನಾ?"

"ಎರಡೂ ನನ್ನವೇ," ಎಂದರು ಅತ್ತೆ, ಮಡಿಸುವ ಬಟ್ಟೆಯಿಂದ ತಲೆ ಎತ್ತದೆ.

"ಹೊಸ ಚಿಪ್ಪಿಗೆ ಮೂರು ಸಲ ತಾರೀಕು ಹೇಳಿ ಮೂರು ಸಲವೂ ಮುಂದಕ್ಕೆ ಹಾಕಿದ್ರು ಭಾವ. ಮಾತಿಗೆ ನಿಲ್ಲದ ಕಂಪನಿ ಅದು."

ಮಾವ ಮೈ ತಿರುಗಿಸಿ ಬೀದಿಯಾಚೆ ನೋಡಿದರು. "ಒಂಬತ್ತಕ್ಕೆ ಅಂಗಡಿ ತೆಗೀತೀನಿ ಅಂತ ನಿನ್ನ ಬೋರ್ಡಲ್ಲಿ ಬರೆದಿದೆ. ಹೊರಗೆ ಮೂರು ಜನ ಕೆಮ್ಮುತಾ ನಿಂತಿದಾರೆ. ದಿನಾ ಬಂದು ಮುಳುಗೋ ದೋಣಿ ಮುಳುಗೋ ದೋಣಿ ಅಂತೀಯ, ಇಳಿಯೋ ಹೆಸರೇ ಎತ್ತಲ್ಲ!"

"ಇಳಿಯೋದಕ್ಕೆ ನನಗೆ ಈಜು ಬರಲ್ಲವಲ್ಲ ಭಾವ," ಎಂದು ಔಷಧಿ ಮಾಮ ಚಹಾ ಮುಗಿಸಿ ಓಡಿದರು.

ಹೀಗೆ ನಡೆದುಕೊಂಡು ಹೋಗುತ್ತಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಅಷ್ಟರಲ್ಲಿ ನೀಲಿ ಮೂಟೆ ದಪ್ಪಗಾಗತೊಡಗಿತು.

ಮೂಟೆ ತರುವುದು ಸೊಸೆಯ ಗಂಡ. ಅಂಗಡಿಯ ವ್ಯಾನು ಓಡಿಸಿಕೊಂಡು, ಒಗೆದದ್ದನ್ನು ಕೊಟ್ಟು ಕೊಳೆಯಾದದ್ದನ್ನು ತರುವುದು ಅವನ ದಿನಚರಿ. ಒಂದು ಬೆಳಿಗ್ಗೆ ಅವನು ಒಂದರ ಬದಲು ಎರಡು ಮೂಟೆ ಇಳಿಸಿದ. ಆ ವಾರವೆಲ್ಲ ಹಾಗೇ ಬಂತು. ಮಾವ ಮೂಟೆಗಳ ಸುತ್ತ ಒಂದು ಸುತ್ತು ಹೊಡೆದು, ಮದುವೆಗೆ ಬಂದ ಬೀಗರನ್ನು ನೋಡಿದ ಹಾಗೆ ನೋಡಿದರು.

"ಡಾಕ್ಟ್ರೇ, ಇಲ್ಲಿ ನೋಡಿ. ನಿಮ್ಮ ಫೋನಲ್ಲಿ ಇದು ಬರುತ್ತಾ? ಒಳಗೆ ಹೋಗೋರು ಜಾಸ್ತಿಯಾದ್ರೆ ತಾನೇ ಬಟ್ಟೆ ಜಾಸ್ತಿಯಾಗೋದು? ಎರಡನೇ ಪಾಳಿ ಶುರುವಾಗಿದೆ. ಅಂದ್ರೆ ಹೊಸ ಚಿಪ್ ಕೈಗೆ ಹತ್ತಿದೆ. ಪೇಪರಲ್ಲಿ ಬರೋಕೆ ಇನ್ನೂ ಟೈಮಿದೆ. ನನಗೆ ಮಾತ್ರ ಮೂಟೆಯಲ್ಲೇ ಬಂತು!"

"ಮೂಟೆ ನೋಡಿ ಷೇರು ತಗೊಳ್ಳೋದಾ ಭಾವ?"

"ನಾಲಗೆ ನೋಡಿ ನೀನು ಔಷಧಿ ಕೊಡಲ್ವಾ?"

ಸೊಸೆಗೆ ಉತ್ತರ ಹೊಳೆಯಿತು, ಆದರೆ ಅವಳು ಬಾಯಿ ತೆರೆಯುವ ಮೊದಲೇ ಮಾವ ಮುಂದಿನ ಮಾತು ಆಡಿಬಿಟ್ಟಿದ್ದರು. ಡ್ರಮ್ಮಿನ ಹಣವನ್ನು ಷೇರಿಗೆ ಹಾಕುವುದು. ಒಂದು ಸುತ್ತು ಏರಲಿ, ಆಮೇಲೆ ಒಂದರ ಬದಲು ಎರಡು ಡ್ರಮ್ಮು. ಮಾವನಿಗೆ ಫೋನಿನಲ್ಲಿ ಷೇರು ಕೊಳ್ಳಲು ಬರುವುದಿಲ್ಲ. ಸೋಮವಾರ ಬೆಳಿಗ್ಗೆ ಮಾರುಕಟ್ಟೆ ತೆರೆದ ಕೂಡಲೇ ಔಷಧಿ ಮಾಮನೇ ತಮ್ಮ ಖಾತೆಯಿಂದ ಕೊಡಿಸಬೇಕು. ಕಂಪನಿ ಸತ್ತಿತು ಎಂದು ದಿನಾ ಸಾರುವವರ ಕೈಯಿಂದಲೇ!

"ನಿಮ್ಮ ದುಡ್ಡು, ನಿಮ್ಮ ಇಷ್ಟ," ಎಂದ ಔಷಧಿ ಮಾಮನ ದನಿಯಲ್ಲಿ ಬೇಸರವಿತ್ತು. ಕಣ್ಣಲ್ಲಿ ಮಾತ್ರ ದೋಣಿಗೆ ಇನ್ನೊಬ್ಬರು ಹತ್ತಿದ ಸಮಾಧಾನ.

ಆ ಹೊತ್ತಿಗೆ ಸರಿಯಾಗಿ ಗಡಗಡಿ ಹಿಂಡಲು ಶುರು ಮಾಡಿ, ಕಲ್ಲನ್ನು ತಳ್ಳುತ್ತ ಹೊರಟಿತು. ಸೊಸೆ ಕೈಯಲ್ಲಿದ್ದ ಬಟ್ಟೆ ಬಿಟ್ಟು ಓಡಿದಳು. ಪುಟ್ಟಿ ಮಾತ್ರ ಕಟಕಟೆ ಹಿಡಿದು ನಿಂತು, ಬರುವ ನೆಂಟರಿಗೆ ಕೈ ಬೀಸಿದಳು.

"ಅಪ್ಪನ ಹತ್ರ ನೀವು ಒಂದು ಮಾತು ಹೇಳಿ," ಎಂದು ಸೊಸೆ ಗಂಡನನ್ನು ವ್ಯಾನಿನ ಕಿಟಕಿಯಲ್ಲಿ ಹಿಡಿದಳು.

"ಅಪ್ಪ ಲೆಕ್ಕ ಹಾಕಿಯೇ ಇರ್ತಾರೆ ಬಿಡು," ಎಂದು ಅವನು ಗೇರು ಹಾಕಿದ.

ಅತ್ತೆಗೆ ಹೇಳಿದಳು. "ಅವರ ತಲೆಗೆ ಹೋದದ್ದು ಇಳಿಯೋಕೆ ಒಂದು ಬಿಸಿನೀರಿನ ಸುತ್ತು ಬೇಕು ಕಣಮ್ಮ, ನನ್ನ ಮಾತಲ್ಲಿ ಅಷ್ಟು ಬಿಸಿ ಈಗ ಇಲ್ಲ," ಎಂದರು ಅತ್ತೆ.

ಹೀಗಾಗಿ ಸೊಸೆಗೆ ಉಳಿದದ್ದು ತಾನು, ತನ್ನ ಚಿಂತೆ. ಅದು ಅವಳ ಕೈಬಿಡಲಿಲ್ಲ. ಮೂಟೆ ದಪ್ಪಗಾದರೆ ಬೆವರೂ ಹೆಚ್ಚು, ಬೆವರು ಹೆಚ್ಚಾದರೆ ರೋಗವೂ ಹೆಚ್ಚು. ಶನಿವಾರ ಬಂದ ಮೂಟೆಗಳನ್ನು ಅವಳು ಎಂದಿಗಿಂತ ಹೆಚ್ಚು ಶ್ರದ್ಧೆಯಿಂದ, ಒಂದೊಂದೇ ಜೊತೆ ಎತ್ತಿ ಮೂಸತೊಡಗಿದಳು. ಒಂದರಲ್ಲಿ ಬೆವರು. ಒಂದರಲ್ಲಿ ಯಾರದೋ ಸುಗಂಧ. ಮುಂದಿನದರಲ್ಲಿ ಏನೂ ಇಲ್ಲ. ಅದರ ಮುಂದಿನದರಲ್ಲೂ ಏನೂ ಇಲ್ಲ.

ವಾಸನೆ ಇದ್ದರೆ ಹೆದರುವುದು ಅವಳಿಗೆ ಗೊತ್ತಿತ್ತು. ಇಲ್ಲದಿದ್ದರೆ ಹೇಗೆ ಹೆದರಬೇಕೆಂದು ಒಂದು ಕ್ಷಣ ತಿಳಿಯಲಿಲ್ಲ. ಮೂಟೆಯ ತಳದಲ್ಲಿ ಕೈಯಾಡಿಸಿದಳು. ಅಲ್ಲಿ ಒಂದು ನೀಲಿ ಅಂಗಿ ಮುನಿಸಿಕೊಂಡು ಕೈಕಟ್ಟಿ ಕೂತಿತ್ತು. ಅತ್ತೆಯ ಮಡಿಕೆ, ಒಂದು ಸುಕ್ಕೂ ಕದಲದೆ! ಅದರ ಕೆಳಗೆ ಇನ್ನೊಂದು. ಮತ್ತೊಂದು. ಯಾರೂ ತೊಟ್ಟೇ ಇಲ್ಲದ ಬಟ್ಟೆ ಕೊಳೆಬಟ್ಟೆಯ ಮೂಟೆಯಲ್ಲಿ ವಾಪಸು ಬಂದಿದೆ.

ಕೆಲಸ ಕೊಡುವಾಗ ಕಂಪನಿಯವರು ಹೇಳಿದ್ದ ಇನ್ನೊಂದು ಮಾತು ಅವಳಿಗೆ ಆಗ ನೆನಪಾಯಿತು. ಬಟ್ಟೆ ಬದಲಿಸುವ ಕೋಣೆಯಲ್ಲಿ ಪ್ರತಿ ಜೊತೆಗೂ ಅಂಟುಪಟ್ಟಿ ಒತ್ತಿ ಕೀಳುತ್ತಾರೆ. ಪಟ್ಟಿಗೆ ಒಂದು ಎಳೆ ಅಂಟಿದರೂ ಆ ಜೊತೆಯನ್ನು ತೊಡುವುದಿಲ್ಲ. ನೇರ ಕೊಳೆಯ ಬುಟ್ಟಿಗೆ ಎಸೆದು ಇನ್ನೊಂದನ್ನು ಎತ್ತಿಕೊಳ್ಳುತ್ತಾರೆ. ಹಾಗಾದರೆ ಒಳಗೆ ಹೋಗುವವರು ಹೆಚ್ಚಾಗಿಲ್ಲ. ತಿರಸ್ಕಾರವಾದ ಬಟ್ಟೆ ಹೆಚ್ಚಾಗಿದೆ. ಎರಡನೇ ಪಾಳಿಯೂ ಇಲ್ಲ, ಹೊಸ ಚಿಪ್ಪೂ ಇಲ್ಲ!

ಅಂಗಿಯ ಹೊಲಿಗೆಯ ಸಂದಿಯನ್ನು ಅವಳು ಬೆಳಕಿಗೆ ಹಿಡಿದಳು. ಹೂವಿನ ಕೇಸರದಂಥ ಹಳದಿ ಎಳೆಯೊಂದು ಅಲ್ಲಾಡಿತು. ಆ ಹಳದಿ ಅವಳಿಗೆ ಅಂಗೈಯಷ್ಟೇ ಪರಿಚಿತ. ಬಸುರಿಯಾಗಿದ್ದಾಗ ತಾನೇ ಕೂತು ಹೆಣೆದದ್ದು, ಪುಟ್ಟಿ ಅದಿಲ್ಲದೆ ಕಣ್ಣು ಮುಚ್ಚದ ಉಣ್ಣೆಯ ಹೊದಿಕೆ.

ಬೀದಿಯ ಧೂಳು ಕೂರುತ್ತದೆಂದು ಆ ಹೊದಿಕೆಯನ್ನು ಅವಳು ಹೊರಗೆ ಒಣಹಾಕಲು ಬಿಡುತ್ತಿರಲಿಲ್ಲ. ಒಳಗೆ ಹಾಕಿದರೆ ಒಣಗುತ್ತಿರಲಿಲ್ಲ. ತೇವವಿದ್ದರೆ ಶೀತ, ಧೂಳಿದ್ದರೆ ಕೆಮ್ಮು ಎಂದು ಅವಳು ಅದನ್ನು ಕೈಯಲ್ಲಿ ಹಿಡಿದು ಮನೆಯೆಲ್ಲ ಗೋಳಾಡಿದ್ದು ಹೋದ ತಿಂಗಳು. ಆಮೇಲೆ ಏನಾಯಿತೋ, ಹೊದಿಕೆ ತಾನಾಗಿ ಬೇಗ ಒಣಗತೊಡಗಿತು. ಒಳಗಿನ ಹಗ್ಗದ ಮೇಲೆ ಒದ್ದೆಯಾಗಿ ಹಾಕಿದ್ದು, ಅವಳು ಮಗುವಿಗೆ ಉಣಿಸಿ ಬರುವಷ್ಟರಲ್ಲಿ ಬೆಚ್ಚಗೆ, ಹತ್ತಿಯಂತೆ ಉಬ್ಬಿ ಕಾಯುತ್ತಿತ್ತು. ಒಳ್ಳೆಯ ಗಾಳಿ ಎಂದುಕೊಂಡಿದ್ದಳು. ಒಳ್ಳೆಯದೆಂಬುದರ ಬಗ್ಗೆ ಚಿಂತಿಸುವ ಅಭ್ಯಾಸ ಅವಳಿಗೆ ಇರಲಿಲ್ಲ.

ಭಾನುವಾರ ಅವಳು ಹೊದಿಕೆ ಒಗೆದು ಹಗ್ಗಕ್ಕೆ ಹಾಕಿ, ಮಗುವಿಗೆ ಉಣಿಸಲು ಮೇಲೆ ಹೋದ ಹಾಗೆ ಮಾಡಿ, ಬರಿಗಾಲಿನಲ್ಲಿ ಇಳಿದು ಬಂದಳು. ಗಾಜಿನ ಬಾಗಿಲಿನ ಆಚೆ ಮಾವ ನಿಂತಿದ್ದರು. ತಲೆಗೆ ಟೊಪ್ಪಿ, ಮುಖಕ್ಕೆ ಗವಸು, ಎಲ್ಲ ನಿಯಮದ ಪ್ರಕಾರವೇ. ಯಂತ್ರದ ಬಾಗಿಲು ತೆಗೆದು ಹಳದಿ ಹೊದಿಕೆಯನ್ನು ಎತ್ತಿದರು. ಗವಸನ್ನು ಕೆಳಗೆಳೆದು, ಕೆನ್ನೆಗೆ ಒತ್ತಿ ಬಿಸಿ ನೋಡಿದರು. ಹೆಚ್ಚಾಯಿತೇನೋ ಎಂದು ಉಫ್ ಉಫ್ ಎಂದು ಊದಿದರು. ಬೆಕ್ಕಿಗೂ ಗದರುವ ಮನುಷ್ಯ! ಜಗತ್ತಿನಲ್ಲೇ ಅತಿ ಶುದ್ಧವಾದ ಗಾಳಿ ತಮ್ಮ ಮನೆಯ ಹಿಂದೆಯೇ ಇರುವಾಗ ಮೊಮ್ಮಗಳ ಹೊದಿಕೆಗೆ ಅದಕ್ಕಿಂತ ಕಡಿಮೆಯದನ್ನು ಕೊಡಲು ಅವರಿಗೆ ಮನಸ್ಸು ಬಂದಿರಲಿಲ್ಲ. ಅದನ್ನು ಯಾರಿಗೂ ಹೇಳಲು ಧೈರ್ಯವೂ ಬಂದಿರಲಿಲ್ಲ.

ಸೊಸೆ ಬಂದ ಹಾಗೇ ಮೇಲೆ ಹೋದಳು. ಹೇಳದಿದ್ದರೆ ನಾಳೆ ಡ್ರಮ್ಮು ಹೋಗುತ್ತದೆ. ಹೇಳಿದರೆ ಮಾವನ ಮಾನ ಹೋಗುತ್ತದೆ. ಅದೂ ತನ್ನ ಗೋಳಾಟ ಕೇಳಲಾರದೆ ಮಾಡಿದ ಕೆಲಸಕ್ಕೆ. ಇಡೀ ದಿನ ಅವಳು ಮಾವನ ಮುಂದೆ ನಿಂತು ಬಾಯಿ ತೆರೆದು, "ಚಹಾ ಬೇಕಾ ಮಾವ?" ಎಂದು ಕೇಳಿದ್ದೇ ಕೇಳಿದ್ದು; ಅವರ ಹೊಟ್ಟೆಗೆ ಲೆಕ್ಕವಿಲ್ಲದಷ್ಟು ಚಹಾ ಹೋಯಿತು.

ಸೋಮವಾರ ಔಷಧಿ ಮಾಮ ಎಂದಿಗಿಂತ ಮೊದಲೇ ಬಂದರು. ಮಾವ ಹೊಸ ಅಂಗಿ ತೊಟ್ಟಿದ್ದರು. ಕಾಲರು ಕಿವಿಗೆ ತಾಗುತ್ತಿತ್ತು. ಸ್ಟೂಲಿನ ಮೇಲೆ ಫೋನು, ಫೋನಿನ ಮೇಲೆ ಬೆರಳು.

"ಒತ್ತಲಾ ಭಾವ? ಆಮೇಲೆ ನನ್ನ ಬೈಯಬಾರದು."

"ಒತ್ತಪ್ಪ."

"ಮಾವ," ಎಂದಳು ಸೊಸೆ. "ಒಂದು ನಿಮಿಷ ಇದನ್ನ ಹಿಡ್ಕೋತೀರಾ? ಪುಟ್ಟಿ ಎಳೀತಾಳೆ."

ಔಷಧಿ ಮಾಮನ ಬೆನ್ನು ಇತ್ತ ಇತ್ತು. ಅವಳು ಮಾವನ ತೊಡೆಯ ಮೇಲೆ ಮೊದಲು ಕೈಕಟ್ಟಿ ಕೂತ ನೀಲಿ ಅಂಗಿಯನ್ನು ಇಟ್ಟಳು. ಅದರ ಮೇಲೆ ಒಂದು ತುಂಡು ಅಂಟುಪಟ್ಟಿ. ಪಟ್ಟಿಯ ತುಂಬ ಹಳದಿ ಎಳೆ. ಪಕ್ಕದಲ್ಲಿ, ಇದಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲವೆಂಬ ಹಾಗೆ, ಪುಟ್ಟಿಯ ಹೊದಿಕೆ. "ಶನಿವಾರದ ಕೊಳೆ ಮೂಟೆಯಲ್ಲಿತ್ತು," ಎಂದು ಅಂಗಿಯನ್ನು ತೋರಿಸಿ ಪಿಸುಗುಟ್ಟಿದಳು. "ಯಾರೂ ಹಾಕ್ಕೊಂಡೇ ಇಲ್ಲ. ಇಂಥವು ತುಂಬ ಇವೆ."

ಮಾವ ಅಂಗಿ ನೋಡಿದರು. ಪಟ್ಟಿ ನೋಡಿದರು. ಹೊದಿಕೆ ನೋಡಿದರು. ಆಮೇಲೆ ಸೊಸೆಯನ್ನು ನೋಡಲು ಮೈ ತಿರುಗಿಸಬೇಕಿತ್ತು, ತಿರುಗಿಸಲಿಲ್ಲ. ಕಾಲರಿನ ಮೇಲೆ ಕಿವಿಗಳೆರಡೂ ಕೆಂಪಾಗುತ್ತ ಬಂದವು.

"ಒತ್ತಬೇಡ," ಎಂದರು.

"ಯಾಕೆ ಭಾವ? ಈಗ ಏನಾಯ್ತು?"

ಮಾವ ಗಂಟಲು ಸರಿಮಾಡಿಕೊಂಡರು. "ತಯಾರಿಕೆಯಲ್ಲಿ ಒಂದು ದೋಷ ಕಂಡುಬಂದಿದೆ."

"ಯಾರು ಹೇಳಿದ್ರು? ಪೇಪರಲ್ಲಿ ಬಂದಿದೆಯಾ?"

"ಒಳಗಿನವರಿಂದಲೇ ಬಂದ ಸುದ್ದಿ," ಎಂದು ಮಾವ ಹೊದಿಕೆಯನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡರು. ಅತ್ತೆ ಬಟ್ಟೆ ಮಡಿಸುವುದನ್ನು ನಿಲ್ಲಿಸಿ ಗಂಡನ ಮುಖ, ಸೊಸೆಯ ಮುಖ ಒಂದೊಂದು ಸಲ ನೋಡಿ, ಮತ್ತೆ ಮಡಿಸತೊಡಗಿದರು. ತುಟಿಯ ತುದಿ ಮಾತ್ರ ನಿಲ್ಲದೆ ಅದುರುತ್ತಿತ್ತು.

ಅಂದೇ ಮಾವ ಡ್ರಮ್ಮಿನ ಅಂಗಡಿಗೆ ಫೋನು ಮಾಡಿದರು. ಆಮೇಲೆ ಮಗನ ವ್ಯಾನಿನಲ್ಲಿ ಕೂತು ಕಂಪನಿಗೆ ಹೋದರು. ಬಟ್ಟೆ ಕೋಣೆಯ ಮೇಲ್ವಿಚಾರಕಿ, ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು, ಎಲ್ಲವನ್ನೂ ಕೇಳಿ, "ಆ ಹಳದಿ ಎಲ್ಲಿಂದ ಅಂತ ನಮಗೆ ತಲೆ ಕೆಟ್ಟುಹೋಗಿತ್ತು. ನಾವು ಗೋಡೆ ಪೇಂಟನ್ನ ಬೈತಿದ್ವಿ," ಎಂದಳಂತೆ. ಚಿಪ್ಪಿಗೇನೂ ಆಗಿರಲಿಲ್ಲ, ಎಳೆ ಬಟ್ಟೆ ಕೋಣೆಯ ಬಾಗಿಲಲ್ಲೇ ಸಿಕ್ಕಿಬಿದ್ದಿತ್ತು. ಗಾಜಿನ ಕೋಣೆಯನ್ನು ಮೂಲೆಮೂಲೆ ತೊಳೆಯಬೇಕು, ಇನ್ನು ಮುಂದೆ ಅಂಟುಪಟ್ಟಿಯ ಪರೀಕ್ಷೆ ಲಾಂಡ್ರಿಯಲ್ಲೇ ಆಗಿ ಬರಬೇಕು, ಇನ್ನೊಮ್ಮೆ ಹೀಗಾದರೆ ಕೆಲಸವಿಲ್ಲ. ಮಾವ ಎಲ್ಲದಕ್ಕೂ ಮೈ ಆಡಿಸಿ ಬಂದರು. ಮನೆಗೆ ಬಂದವರು ಸೊಸೆಗೆ ಹೇಳಿದ್ದು ಒಂದೇ ಮಾತು: "ಉಣ್ಣೆ ಬಿಟ್ಟು ಬೇರೇನಾದ್ರೂ ಹೆಣೆಯೋಕೆ ಬರುತ್ತೇನಮ್ಮಾ ನಿನಗೆ?"

ಹೊಸ ಡ್ರಮ್ಮು ಬಂತು. ಗಡಗಡಿ ಹಳೆ ಕಬ್ಬಿಣದ ಗಾಡಿ ಹತ್ತಿ ಹೋಯಿತು. ನೀಲಿ ಮೂಟೆ ಮತ್ತೆ ಒಂದಾಯಿತು, ತೆಳ್ಳಗೂ ಆಯಿತು. ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಎದುರಿನ ಅಂಗಡಿಯಿಂದ ಒಂದು ಜೊತೆ ಕಣ್ಣು ಇದೆಲ್ಲವನ್ನೂ ನೋಡುತ್ತಿತ್ತು.

ಒಂದು ಬೆಳಿಗ್ಗೆ ಔಷಧಿ ಮಾಮ ಸಪ್ಪೆ ಮುಖ ಹಾಕಿಕೊಂಡು ಬಂದು ಸ್ಟೂಲಿನ ಮೇಲೆ ಕೂತರು. "ಅಕ್ಕಾ, ಇವತ್ತು ನಾನು ಎಲ್ಲ ಮಾರಿಬಿಡ್ತೀನಿ."

"ಏನನ್ನ? ಅಂಗಡೀನಾ?"

"ಷೇರನ್ನ. ಭಾವ ಸೂಕ್ಷ್ಮವಾಗಿ ಹೇಳಿದ್ರು, ನಾನೇ ದಡ್ಡ. ತಯಾರಿಕೇಲಿ ದೋಷ ಅಂದ್ರು. ಅವತ್ತೇ ದುಡ್ಡನ್ನ ಡ್ರಮ್ಮಿಗೆ ಹಾಕಿ ಕೈತೊಳ್ಕೊಂಡ್ರು. ಈಗ ನೋಡಿದ್ರೆ ಮೂಟೆ ಅರ್ಧ ಆಗಿದೆ. ಜನಾನ ಮನೆಗೆ ಕಳಿಸ್ತಿದಾರೆ ಅಂತ ತಾನೇ ಅರ್ಥ? ನಾಲಗೆ ನೋಡಿ ಔಷಧಿ ಕೊಡೋನಿಗೆ ಮೂಟೆ ನೋಡೋಕೆ ಬರಲಿಲ್ಲ."

ಅವರ ಬೆರಳು ಫೋನಿನ ಮೇಲೆ ಇಳಿಯುತ್ತಿತ್ತು. ಇಷ್ಟು ಕಾಲ ನಷ್ಟವನ್ನು ಮಗುವಿನ ಹಾಗೆ ಸಾಕಿದವರು. ಸೊಸೆ ಮಾವನ ಕಡೆ ನೋಡಿದಳು. ಮಾವ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿದರು. ಒಂದು ಮಾತು ಆಡದೇ ಇದ್ದರೆ ಈ ಬೀದಿಯಲ್ಲಿ ಅವರಷ್ಟು ದೂರದೃಷ್ಟಿಯ ಮನುಷ್ಯ ಇನ್ನೊಬ್ಬನಿಲ್ಲ ಎಂದು ಔಷಧಿ ಮಾಮನೇ ಊರೆಲ್ಲ ಸಾರುತ್ತಿದ್ದರು. ಮಾವನಿಗೆ ಆ ಕೀರ್ತಿ ಬೇಡವಾಗಿರಲಿಲ್ಲ. ಅವರು ಮೊದಲ ಸಲ ಕಾಲರಿನ ಮೇಲಿನ ಗುಂಡಿಯನ್ನು ಬಿಚ್ಚಿದರು.

"ಒತ್ತಬೇಡ ಕಣೋ."

"ಮತ್ತೆ ಏನಾಯ್ತು ಭಾವ?"

"ಮೂಟೆ ದಪ್ಪ ಆಗಿದ್ದು ಕಂಪನಿಯಿಂದಲ್ಲ. ತೆಳ್ಳಗಾಗಿದ್ದೂ ಕಂಪನಿಯಿಂದಲ್ಲ." ಮಾವ ಕಟಕಟೆಯ ಕಡೆ ಕೈ ತೋರಿಸಿದರು. ಪುಟ್ಟಿ ಹಳದಿ ಹೊದಿಕೆಯ ಅಂಚನ್ನು ಬಾಯಲ್ಲಿಟ್ಟುಕೊಂಡು ಇವರನ್ನೇ ನೋಡುತ್ತಿದ್ದಳು. "ಅದರಿಂದ. ಗಾಜಿನ ಕೋಣೇಲಿ ನಾನೇ ಒಣಗಿಸ್ತಿದ್ದೆ. ಎಳೆ ನೀಲಿ ಬಟ್ಟೆಗೆಲ್ಲ ಹತ್ತಿ, ಹಾಕ್ಕೊಳ್ಳದೇ ವಾಪಸ್ ಎಸೀತಿದ್ರು. ಅದನ್ನೇ ನಾನು ಎರಡನೇ ಪಾಳಿ ಅಂದ್ಕೊಂಡೆ."

ಔಷಧಿ ಮಾಮನ ಭುಜ ಅಲುಗಾಡತೊಡಗಿತು. ಸ್ಟೂಲು ಅಲುಗಾಡಿತು. ನಗುತ್ತ ನಗುತ್ತ ಕೆಮ್ಮು ಬಂತು; ಕೆಮ್ಮುತ್ತಲೇ ಬೀದಿ ದಾಟಿ, ಷಟರಿನ ಕೆಳಗೆ ನುಸುಳಿ, ಅಲ್ಲಿಯೂ ನಗುತ್ತಿದ್ದದ್ದು ಇಲ್ಲಿಗೆ ಕೇಳಿಸುತ್ತಿತ್ತು.

"ಆಯ್ತಲ್ಲ," ಎಂದರು ಅತ್ತೆ. "ಇನ್ನು ಮುಂದೆ ಕಾಲರು ಕೊಂಚ ಮೆತ್ತಗಿದ್ರೂ ನಡೆಯುತ್ತೆ." ಹಾಗೆಂದವರು ಗಂಡನ ಬಿಚ್ಚಿದ ಗುಂಡಿಯನ್ನು ತಾವೇ ಹಾಕಿದರು.

ಕಂಪನಿಯ ಷೇರು ಅದಾದ ಮೇಲೆ ಒಮ್ಮೆ ಏರಿತು, ಒಮ್ಮೆ ಇಳಿಯಿತು. ಹೊಸ ಚಿಪ್ಪಿನ ತಾರೀಕನ್ನು ಮತ್ತೊಮ್ಮೆ ಮುಂದಕ್ಕೆ ಹಾಕಿದರು. ಔಷಧಿ ಮಾಮ ಇನ್ನೂ ಮಾರಿಲ್ಲ. ಬೆಳಿಗ್ಗೆ ಬಂದವರು ಮೊದಲು ಕಟಕಟೆಯ ಮುಂದೆ ಬಗ್ಗಿ, "ಏನಮ್ಮ, ಇವತ್ತು ಮಾರುಕಟ್ಟೆ ಹೇಗಿದೆ?" ಎಂದು ಪುಟ್ಟಿಯನ್ನು ಕೇಳುತ್ತಾರೆ. ಅವಳು ಜೊಲ್ಲು ಸುರಿಸಿದರೆ ಏರುತ್ತದೆ, ಅತ್ತರೆ ಇಳಿಯುತ್ತದೆ ಎಂದು ಅವರ ತೀರ್ಮಾನ. ಮಾವ ಅದನ್ನು ಒಪ್ಪುವುದಿಲ್ಲ. ಅಷ್ಟು ಸುಲಭವಲ್ಲವಯ್ಯಾ ಷೇರು, ಎಂದು ಹಬೆ ಬಿಡುತ್ತಾರೆ.

ಸೊಸೆಯ ಸ್ಥಿತಿ ಮಾತ್ರ ಸುಧಾರಿಸಲಿಲ್ಲ. ಹೊಸ ಡ್ರಮ್ಮು ನೆಲಕ್ಕೆ ಬೋಲ್ಟಾಗಿ, ಕೂತಲ್ಲೇ ಕೂತು, ಪಿಟ್ಟೆನ್ನದೆ ತಿರುಗುತ್ತದೆ. ಓಡುತ್ತಿದೆಯೋ ನಿಂತಿದೆಯೋ ಗೊತ್ತೇ ಆಗುವುದಿಲ್ಲ.

"ಮಾವ, ಇಷ್ಟು ಸದ್ದಿಲ್ಲದೇ ಇದ್ರೆ ಹೇಗೆ? ಪುಟ್ಟಿ ಈಗ ನಡೀತಾಳೆ. ಹತ್ತಿರ ಹೋಗಿ ಕೈಯಿಟ್ರೆ?"

ಮಧ್ಯಾಹ್ನ ಮಾವ ಯಾವುದೋ ಹಳೆಯ ಸೈಕಲಿನ ಗಂಟೆಯೊಂದನ್ನು ತಂದು ಡ್ರಮ್ಮಿನ ಬಾಗಿಲಿಗೆ ತಂತಿಯಲ್ಲಿ ಬಿಗಿದರು. ಡ್ರಮ್ಮು ತಿರುಗಿದಾಗ ಈಗ ಸಣ್ಣಗೆ ಟಿಣಿಟಿಣಿ ಎನ್ನುತ್ತದೆ. ಆ ಸದ್ದಿಗೆ ಪುಟ್ಟಿ ಎಲ್ಲಿದ್ದರೂ ಹೊದಿಕೆ ಎಳೆದುಕೊಂಡು ನೇರ ಡ್ರಮ್ಮಿನ ಹತ್ತಿರಕ್ಕೇ ಓಡಿಬರುತ್ತಾಳೆ.

ಸೊಸೆ ಅದನ್ನು ನೋಡುತ್ತ ನಿಂತಿದ್ದಾಳೆ. ಇದನ್ನು ಮಾವನಿಗೆ ಹೇಳಬೇಕೋ ಬೇಡವೋ ಎಂದು ಅವಳಿಗೆ ಇನ್ನೂ ತಿಳಿದಿಲ್ಲ.